ಸುಳ್ಳು ಬಾಗಿಲು

ಅವಳ ಕೆಲಸ ಹಲ್ಲು ಕಟ್ಟುವುದು. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ, ಕೊರೆದು, ಕಾಯಿಸಿ, ಉಜ್ಜಿ, ಯಾರದೋ ಒಸಡಿಗೆ ಹೊಂದುವ ಹಾಗೆ ಮಾಡುವುದು. ಕೋಪ ಸದಾ ಮೂಗಿನ ತುದಿಯಲ್ಲಿದ್ದರೂ ಕೈ ಮಾತ್ರ ತಾಳ್ಮೆಯ ಕೈ. ಲ್ಯಾಬಿನಲ್ಲಿ ಅವಳ ಎದುರು ಮೇಜಿನಲ್ಲಿ ಕೂರುತ್ತಿದ್ದವನು ಅಚ್ಚು ಎರೆಯುವವನು. ಹಗಲಿಡೀ ಪ್ಲಾಸ್ಟರ್ ಪುಡಿಯಲ್ಲಿ ಮುಳುಗಿ ರೆಪ್ಪೆಯವರೆಗೂ ಬೆಳ್ಳಗಾಗಿರುತ್ತಿದ್ದ ಅವನನ್ನು ಎಲ್ಲರೂ ಪುಡಿಯಣ್ಣ ಎಂದೇ ಕರೆಯುತ್ತಿದ್ದರು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದ ಹಾಗೆ ಪುಡಿಯಣ್ಣನದು ಒಂದೇ ಪ್ರಶ್ನೆ. "ಏನಮ್ಮಾ, ಇವತ್ತು ನಿನ್ನ ಬೋನಿಗೆ ಎಷ್ಟು ಇಲಿ ಬಿದ್ವು?"

ಅವಳು ಫೋನು ತೆಗೆದು ಓದಿ ಹೇಳುತ್ತಿದ್ದಳು. "ಅಡ್ಮಿನ್. ಅಡ್ಮಿನ್ ಒಂದು. ಪಾಸ್‌ವರ್ಡ್. ಒಂದರಿಂದ ಆರರವರೆಗೆ. ಆರರಿಂದ ಒಂದರವರೆಗೆ. ಡ್ರ್ಯಾಗನ್. ಮತ್ತೆ ಅಡ್ಮಿನ್."

"ಪಾಪ, ಇನ್ನೂ ಎಣಿಸೋದು ಕಲೀತಾ ಇದಾವೆ. ಮಗ್ಗಿಗೆ ಬರೋಕೆ ಟೈಮ್ ಬೇಕು ಬಿಡು," ಎಂದು ಪುಡಿಯಣ್ಣ ನಗುತ್ತಿದ್ದ. ನಕ್ಕರೆ ಅವನ ಹುಬ್ಬಿನಿಂದ ಪುಡಿ ಉದುರುತ್ತಿತ್ತು.

ಈ ಬೋನು ಒಂದು ಸಿಟ್ಟಿನಿಂದ ಹುಟ್ಟಿದ್ದು. ಅವಳ ಅಪ್ಪ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿದವನು. ವರ್ಷದ ಬಹುಪಾಲು ನೀರಿನ ಮೇಲೆ. ಅಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕಾಗದ ಬರೆಯಲು ಕೈಗೆ ಬಿಡುವಿಲ್ಲ ಎಂದು ಟೇಪ್ ರೆಕಾರ್ಡರನ್ನು ಮೆಷಿನ್ನಿನ ಪಕ್ಕ ಇಟ್ಟು, ಹೊಲಿಯುತ್ತಲೇ ಗಂಡನ ಜೊತೆ ಮಾತಾಡಿ ಆ ಕ್ಯಾಸೆಟ್ಟುಗಳನ್ನು ಬಂದರಿನಿಂದ ಬಂದರಿಗೆ ಕಳಿಸುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳಾದ ಇವಳು ಇನ್ನೂ ಶಾಲೆಯ ಮೆಟ್ಟಿಲು ಹತ್ತಿದ್ದಷ್ಟೇ, ಅಮ್ಮ ಕಾಯಿಲೆ ಬಿದ್ದು ಹೋಗಿಬಿಟ್ಟಳು. ಆಮೇಲೆ ಚಿಕ್ಕವಳ ತಲೆ ಬಾಚಿದ್ದು, ಜ್ವರ ಬಂದಾಗ ಹಣೆ ಒರೆಸಿದ್ದು, ಕೈ ಹಿಡಿದು ಅಕ್ಷರ ತಿದ್ದಿಸಿದ್ದು ಎಲ್ಲ ಅಕ್ಕ. ಅಪ್ಪನೂ ಹೋದ ಮೇಲೆ ಅವನ ಪೆಟ್ಟಿಗೆ ಬಿಚ್ಚಿದಾಗ ಬಟ್ಟೆಯಲ್ಲಿ ಸುತ್ತಿಟ್ಟ ಆ ಕ್ಯಾಸೆಟ್ಟುಗಳು ಸಿಕ್ಕವು. "ನನಗೆ ಬೇಡ, ನೀನೇ ಇಟ್ಕೋ," ಎಂದಿದ್ದಳು ಅಕ್ಕ. ತಂಗಿಗೆ ನಿಧಿ ಸಿಕ್ಕ ಹಾಗಾಯಿತು. ಮರೆತೇ ಹೋಗಿದ್ದ ದನಿ. ನಡುನಡುವೆ ಮೆಷಿನ್ನಿನ ಸದ್ದು, ಬೀದಿಯ ಸೈಕಲ್ ಗಂಟೆ, ನಲ್ಲಿಯಡಿ ಬಕೆಟ್ಟು ತುಂಬುವ ಸದ್ದು.

ಅದನ್ನು ಜಗತ್ತಿಗೆ ಕೇಳಿಸಬೇಕು ಎನ್ನುವ ಹುಚ್ಚು ಹತ್ತಿದ್ದು ಇಂಟರ್‌ನೆಟ್ಟಿನಲ್ಲಿ ಅಲೆಯುತ್ತಿದ್ದಾಗ. ದೂರದೇಶದ ಯಾವನೋ ಒಬ್ಬ ಮನೆಗಳ ಸದ್ದು ಕೂಡಿಸುವವನು ಕಣ್ಣಿಗೆ ಬಿದ್ದ. ಗೋಡೆಯೊಳಗೆ ಕೊಳಾಯಿ ಗುಡುಗುವುದು, ಯಾರದೋ ತಾತನ ಕೆಮ್ಮು, ಮುಚ್ಚಿಹೋದ ಗಿರಣಿಯ ಸೈರನ್ನು, ಇವನ್ನೆಲ್ಲ ಅವನು ತನ್ನ ಸೈಟಿನಲ್ಲಿ ಚಿಟ್ಟೆ ಹಿಡಿದಿಟ್ಟ ಹಾಗೆ ಸಾಲಾಗಿ ಇಟ್ಟಿದ್ದ. ಒಂದು ಇಡೀ ಭಾನುವಾರ ಒಲೆ ಹಚ್ಚದೆ ಅವಳು ಅದನ್ನೇ ಕೇಳಿದಳು. ಆಮೇಲೆ ಪರದೆ ಒಡೆದ ಹಳೆಯ ಲ್ಯಾಪ್‌ಟಾಪನ್ನು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಅದನ್ನೇ ಸರ್ವರ್ ಮಾಡಿ, ಅಮ್ಮನ ಸೈಟನ್ನು ಕಟ್ಟಿದಳು. ಹಲ್ಲು ಕಟ್ಟುವ ತಾಳ್ಮೆ ಅಲ್ಲಿಗೂ ಒದಗಿತು. ಒಂದೊಂದು ರೆಕಾರ್ಡಿಂಗಿನ ಕೆಳಗೆ ಎರಡೆರಡು ಸಾಲಿನ ವಿವರಣೆ, ಪಕ್ಕದಲ್ಲಿ ಹಳೆಯ ಫೋಟೋಗಳು. ಅದರಲ್ಲೊಂದು ರೆಕಾರ್ಡಿಂಗನ್ನು ಸದ್ದು ಕೂಡಿಸುವವನಿಗೂ ಕಳಿಸಿದಳು. ಅವನು ಅದನ್ನು ಮೊದಲ ಪುಟದಲ್ಲೇ ಹಾಕಿದಾಗ ಲ್ಯಾಬಿಗೆಲ್ಲ ಸಿಹಿ ಹಂಚಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅಮ್ಮನ ಫೋಟೋ ಇದ್ದ ಜಾಗದಲ್ಲಿ ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತು ಕೂತಿತ್ತು. ಯಾರೋ ಒಳಗೆ ನುಗ್ಗಿದ್ದರು. ಅವಳ ಪಿತ್ತ ನೆತ್ತಿಗೇರಿತು. ಅಂದಿನಿಂದ ಹಟಕ್ಕೆ ಬಿದ್ದು ಓದಿದಳು, ಕಲಿತಳು, ಇದ್ದಬದ್ದ ಸಂದುಗಳನ್ನೆಲ್ಲ ಮುಚ್ಚಿದಳು. ನಿಜವಾದ ಬಾಗಿಲನ್ನು ತನ್ನ ಸ್ವಂತ ಕಂಪ್ಯೂಟರಿಗೆ ಮಾತ್ರ ತೆರೆಯುವ ಹಾಗೆ ಮಾಡಿ ಬೇರೆಯವರ ಕಣ್ಣಿಂದ ಮರೆಸಿದಳು. ಮುಂಬಾಗಿಲ ಜಾಗದಲ್ಲಿ ಒಂದು ಸುಳ್ಳು ಬಾಗಿಲು ನಿಲ್ಲಿಸಿದಳು. ನೋಡುವುದಕ್ಕೆ ಥೇಟ್ ಲಾಗಿನ್ ಪುಟ: ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಏನು ಒತ್ತಿದರೂ 'ತಪ್ಪು' ಎನ್ನುತ್ತದೆ. ಅದರ ಹಿಂದೆ ಕೋಣೆಯೇ ಇಲ್ಲ. ಒತ್ತಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಬಡಿಯುವವರಲ್ಲಿ ಬಹುಪಾಲು ಮನುಷ್ಯರೇ ಅಲ್ಲ. ಹಗಲೂ ರಾತ್ರಿ ಸಿಕ್ಕಸಿಕ್ಕ ಬಾಗಿಲು ತಟ್ಟುತ್ತ ಅಲೆಯುವ ಪ್ರೋಗ್ರಾಮುಗಳು. ಅವು ಮೋಸ ಹೋಗುವುದನ್ನು ನೋಡಿದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದು ಮಧ್ಯಾಹ್ನ ಹೀಗೇ ಓದುತ್ತಿದ್ದಳು. "ಅಡ್ಮಿನ್. ಅಡ್ಮಿನ್. ಫುಟ್‌ಬಾಲ್. ಗುಂಡು..."

ನಿಲ್ಲಿಸಿಬಿಟ್ಟಳು.

"ಏನಾಯ್ತಮ್ಮ?"

"ಏನಿಲ್ಲ," ಎಂದಳು. ಫೋನನ್ನು ಕಣ್ಣಿನ ಹತ್ತಿರ ತಂದು ಮತ್ತೆ ಓದಿದಳು. ಇಂಗ್ಲಿಷ್ ಅಕ್ಷರಗಳಲ್ಲಿ, ಮನೆಮಾತಿನ ಪದ. ಗುಂಡುಪಿನ್ನು. ಅಮ್ಮ ತೀರಿಹೋದ ವರ್ಷ ಇವಳಿಗೆ ತಲೆತುಂಬ ಹೇನಾಗಿ, ತಲೆ ಬೋಳಿಸಿ, ಕಡ್ಡಿಯಂಥ ಮೈ ಮೇಲೆ ಗುಂಡನೆಯ ತಲೆ ಹೊತ್ತು ಓಡಾಡುತ್ತಿದ್ದಾಗ ಅವಳಿಗೆ ಬಿದ್ದ ಹೆಸರು. ಕ್ಯಾಸೆಟ್ಟಿನಲ್ಲಿ ಇಲ್ಲ, ಸೈಟಿನಲ್ಲಿ ಎಲ್ಲೂ ಇಲ್ಲ. ಬದುಕಿರುವವರ ಪೈಕಿ ಅದು ಗೊತ್ತಿದ್ದದ್ದು ಅಕ್ಕನಿಗೆ, ಗಂಡನಿಗೆ.

ಅಕ್ಕನ ಮೇಲೆ ಅನುಮಾನ ಸುಳಿಯಲೂ ಇಲ್ಲ. ಅಕ್ಕ ಶಾಲೆಯ ಹೆಡ್‌ಮಿಸ್ಟ್ರೆಸ್. ದಾರಿಯಲ್ಲಿ ಪೆನ್ಸಿಲ್ ತುಂಡು ಸಿಕ್ಕರೂ ಯಾರದು ಎಂದು ತರಗತಿಯಿಂದ ತರಗತಿಗೆ ಕೇಳಿಕೊಂಡು ಹೋಗುವವಳು. ಫೋನಿನಲ್ಲಿ ಒಂದು ಫೋಟೋ ಕಳಿಸಬೇಕಾದರೂ ಗುಮಾಸ್ತೆಯನ್ನು ಕರೆಯುವವಳು. ಉಳಿದವನು ಗಂಡ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಸದಾ ಗುಂಯ್‌ಗುಡುವ ಆ ಡಬ್ಬಿಯನ್ನು ಕಂಡರೆ ಅವನಿಗಾಗದು. "ಮನೇಲಿ ನಾನೊಬ್ಬ, ಆ ಡಬ್ಬಿಯೊಂದು; ನೀನು ನೋಡೋದು ಮಾತ್ರ ಅದನ್ನೇ," ಎಂದು ಹಿಂದಿನ ವಾರವಷ್ಟೇ ರೇಗಿದ್ದ.

ಅರ್ಧ ದಿನ ರಜೆ ಹಾಕಿ ಸೀದಾ ಈಜುಕೊಳಕ್ಕೆ ನಡೆದಳು. ಗಂಡ ಮಕ್ಕಳಿಗೆ ಈಜು ಕಲಿಸುವವನು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡು, ಟೋಪಿ ತೊಟ್ಟ ಮಕ್ಕಳ ಸಾಲಿಗೆ ಕಾಲು ಬಡಿಯುವುದನ್ನು ತೋರಿಸುತ್ತಿದ್ದ.

"ರೀ, ನನ್ನ ಸೈಟಿಗೆ ಕೈ ಹಾಕೋಕೆ ನಿಮಗೆ ಎಷ್ಟು ಧೈರ್ಯ?"

ಆ ಎತ್ತರದ ಮಾಡಿನ ಕೆಳಗೆ ಮಾತು ಮೂರು ಸಲ ಕೇಳಿಸಿತು. ಮಕ್ಕಳು ಕಾಲು ಬಡಿಯುವುದನ್ನು ನಿಲ್ಲಿಸಿದರು.

"ಏನೇ ಇದು? ಕ್ಲಾಸ್ ನಡೀತಿದೆ."

"ನಡೀಲಿ. ನಿಮ್ಮ ಮೇಷ್ಟ್ರು ಹೆಂಡತಿ ಮನೆಗೇ ಕನ್ನ ಹಾಕೋ ಕಳ್ಳ ಅಂತ ಇವರಿಗೂ ಗೊತ್ತಾಗ್ಲಿ. ಗುಂಡುಪಿನ್ನು ಅಂತೆ! ಆ ಹೆಸರನ್ನೇ ಬೀಗದ ಕೈ ಮಾಡ್ಕೊಂಡ್ರಾ?"

ಅವನು ಅವಳ ಫೋನು ತೆಗೆದುಕೊಂಡು ನೋಡಿದ. ಎರಡು ಸಲ ನೋಡಿದ. ಕೆನ್ನೆಯ ಎಲುಬು ಬಿಗಿಯಾದದ್ದು ಕಾಣಿಸಿತು.

"ಇಲ್ಲಿ ಕೇಳು. ನಿನ್ನ ಸೈಟಿಗೆ ಹೋಗಬೇಕು ಅಂದಿದ್ರೆ ನಿನ್ನ ಕಂಪ್ಯೂಟರ್ ಊಟದ ಮೇಜಿನ ಮೇಲೆ ಬಾಯಿ ತೆರ್ಕೊಂಡು ಬಿದ್ದಿರುತ್ತೆ. ಬಾಗಿಲು ತಟ್ಟೋ ಕರ್ಮ ನನಗೇನಿದೆ? ಇಷ್ಟು ವರ್ಷ ಜೊತೆಗಿದ್ದು ನನ್ನನ್ನ ಇಷ್ಟೇನಾ ತಿಳ್ಕೊಂಡಿದ್ದು? ಹೋಗು ಇಲ್ಲಿಂದ."

ಹೇಳಿದವನೇ ಬೆನ್ನು ತಿರುಗಿಸಿ ಸೀಟಿ ಊದಿದ. ಅವಳು ಒದ್ದೆ ನೆಲದ ಮೇಲೆ ಜಾರುತ್ತ, ಅವಮಾನದಲ್ಲಿ ಇನ್ನಷ್ಟು ಉರಿಯುತ್ತ ಹೊರಗೆ ಬಂದಳು. ಅವನು ಹೇಳಿದ್ದು ಸರಿ ಎಂದು ಗೇಟು ದಾಟುವ ಮೊದಲೇ ಗೊತ್ತಾಗಿತ್ತು. ಅದಕ್ಕೇ ಸಿಟ್ಟು ದುಪ್ಪಟ್ಟಾಗಿತ್ತು.

ಮರುದಿನ ಬೋನಿಗೆ ಮತ್ತೆ ಬಿತ್ತು. ಕುಂಟಬೆಕ್ಕು. ಅವರ ಹಳೆಯ ಮನೆಯ ಕಿಟಕಿಯಲ್ಲಿ ಮಲಗುತ್ತಿದ್ದ ಮೂರು ಕಾಲಿನ ಬೆಕ್ಕು. ಅದರ ಹಿಂದೆಯೇ ಮೂಗಯ್ಯ. ಆ ಮನೆಯ ಮಾಲೀಕನಿಗೆ ಅಕ್ಕತಂಗಿಯರು ಗುಟ್ಟಾಗಿ ಇಟ್ಟಿದ್ದ ಹೆಸರು. ಇವೆರಡೂ ಗಂಡನಿಗೆ ಗೊತ್ತೇ ಇಲ್ಲ. ಈಗ ಉಳಿದದ್ದು ಒಂದೇ ಹೆಸರು. ಅವಳಿಗೆ ಅದು ಬೇಕಿರಲಿಲ್ಲ. ಅಕ್ಕನ ಫೋನನ್ನು ಯಾರಾದರೂ ಕದ್ದಿರಬೇಕು, ಅಕ್ಕನನ್ನು ಮಾತಿಗೆಳೆದು ಯಾರೋ ತಿಳಿದುಕೊಂಡಿರಬೇಕು ಎಂದೆಲ್ಲ ತನಗೆ ತಾನೇ ಕಥೆ ಕಟ್ಟಿಕೊಂಡಳು. ಬಡಿತ ಬರುತ್ತಿದ್ದ ಇಂಟರ್‌ನೆಟ್ ವಿಳಾಸವನ್ನೇ ಸರ್ವರಿನಲ್ಲಿ ತಡೆಹಿಡಿದಳು. ಒಂದು ಗಂಟೆ ಸದ್ದಿಲ್ಲ. ಆಮೇಲೆ ಇನ್ನೊಂದು ವಿಳಾಸದಿಂದ ಅದೇ ಕೈ ಬಂದು ಬಡಿಯಿತು.

ಊಟದ ಹೊತ್ತಿಗೆ ಅವಳ ತಾಳ್ಮೆ ಮುಗಿಯಿತು. 'ತಪ್ಪು' ಎನ್ನುವ ಪದವನ್ನು ಅಳಿಸಿ ಅದರ ಜಾಗದಲ್ಲಿ ಬರೆದಳು: 'ಯಾರು ನೀನು? ನನ್ನ ಬಾಗಿಲಲ್ಲಿ ನಿನಗೇನು ಕೆಲಸ?'

ಪುಡಿಯಣ್ಣನೂ ತನ್ನ ಸ್ಟೂಲನ್ನು ಎಳೆದುಕೊಂಡು ಪಕ್ಕದಲ್ಲಿ ಕೂತ. ಇಬ್ಬರೂ ಫೋನನ್ನೇ ನೋಡುತ್ತ ಕಾದರು. ಅಷ್ಟರಲ್ಲಿ ಯಾವುದೋ ಪ್ರೋಗ್ರಾಮು ಬಂದು ಅಡ್ಮಿನ್ ಎಂದು ಒದರಿ ಹೋಯಿತು. ಆಮೇಲೆ ಪಾಸ್‌ವರ್ಡ್ ಬರೆಯುವ ಜಾಗದಲ್ಲಿ, ಬರೆದವರ ಕಣ್ಣಿಗೇ ಬರೀ ಚುಕ್ಕಿಗಳಾಗಿ ಕಾಣುವ ಆ ಪೆಟ್ಟಿಗೆಯಲ್ಲಿ, ಉತ್ತರ ಬಂತು.

ನಿನ್ನ ಅಕ್ಕ.

ಅದರ ಕೆಳಗೆ: ತೆಗಿ ಅದನ್ನ.

ಅದರ ಕೆಳಗೆ: ತೆಗಿ ತೆಗಿ ತೆಗಿ ತೆಗಿ.

"ಇದು ಇಲಿ ಅಲ್ಲಮ್ಮ," ಎಂದ ಪುಡಿಯಣ್ಣ ಮೆಲ್ಲಗೆ, ಮತ್ತು ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡ.

ಶಾಲೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ದಾರಿಯುದ್ದಕ್ಕೂ ಅವಳು ಮಾತು ಮಸೆದಳು. ಹೆತ್ತ ತಾಯಿಯ ಹಾಗೆ ಸಾಕಿದವಳು! ಒಂದು ಫೋನ್ ಮಾಡುವುದಕ್ಕೇನಾಗಿತ್ತು? ಕಳ್ಳಿಯ ಹಾಗೆ, ಅದೂ ತಾನೇ ಇಟ್ಟ ಮುದ್ದಿನ ಹೆಸರನ್ನು ಬೀಗಕ್ಕೆ ತುರುಕುತ್ತ! ಕಾವಲುಗಾರ ಹೆಸರು ಕೇಳಿದರೂ ನಿಲ್ಲಲಿಲ್ಲ. ಹೆಡ್‌ಮಿಸ್ಟ್ರೆಸ್ಸಿನ ಕೋಣೆಗೆ ನುಗ್ಗಿ ಬಾಗಿಲನ್ನು ದಢಾರನೆ ಹಾಕಿದಳು.

ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಎದುರಿಗೆ ಫೋನು. ಪಕ್ಕದಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು.

"ಬಂದ್ಯಾ," ಎಂದಳು. "ಅಂತೂ ಬಂದೆ."

"ನಾಚಿಕೆ ಆಗಲ್ವಾ ಅಕ್ಕಾ ನಿಂಗೆ? ನಿನ್ನಿಂದ ನನ್ನ ಗಂಡನ್ನ ಮಕ್ಕಳ ಮುಂದೆ ಕಳ್ಳ ಅಂದೆ. ಕೇಳಬಾರದಿತ್ತಾ? ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ದೆ."

"ಯಾವಾಗ?"

"ನಿನ್ನ ಮನೇಲೇ. ಊಟಕ್ಕೆ ಕೂತಾಗ. ಆ ಕ್ಯಾಸೆಟ್ಟನ್ನ ಯಾಕೆ ಹಾಕಿದೀಯ, ತೆಗಿ ಅಂದೆ. ಏನಂದೆ ನೀನು?"

ತಂಗಿಗೆ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು. ಯಾರು ನೋಡ್ತಾರೆ ಅಕ್ಕಾ, ಎಂದು ನಕ್ಕಿದ್ದಳು. ನಗುತ್ತಲೇ ಅಕ್ಕನ ತಟ್ಟೆಗೆ ಇನ್ನಷ್ಟು ಬಡಿಸಿದ್ದಳು.

"ಯಾರು ನೋಡ್ತಾರೆ ಅಂದೆ," ಎಂದಳು ಅಕ್ಕ. ದನಿ ಇನ್ನೂ ಏರಿರಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿದಳು. "ಎಂಟನೇ ಕ್ಲಾಸಿನವರು ನೋಡಿದ್ರು ಕಣೇ. ಅದರಲ್ಲಿ ನನ್ನ ಫೋಟೋ ಹಾಕಿ, ಈಗ ಇಂಥಾ ಶಾಲೆಯ ಹೆಡ್‌ಮಿಸ್ಟ್ರೆಸ್ ಅಂತ ದೊಡ್ಡದಾಗಿ ಬರೆದಿದೀಯಲ್ಲ, ಹುಡುಕೋದೇನು ಕಷ್ಟ? ಮೊದಲು ಎಂಟನೇ ಕ್ಲಾಸು, ಆಮೇಲೆ ಏಳು, ಆಮೇಲೆ ಎಲ್ಲರೂ. ಹೋದ ವಾರ ಬೆಳಿಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ರು. ಗಲಾಟೆ ಮಾಡ್ತಿದ್ರು ಅಂತ ನಾನು 'ಶ್' ಅಂದೆ. ಹಿಂದಿನ ಸಾಲಿಂದ 'ಸುಸ್' ಅಂತ ಬಂತು. ಆಮೇಲೆ ಪಕ್ಕದ ಸಾಲಿಂದ. ಇಡೀ ಶಾಲೆ ಕಣೇ. ಟೀಚರ್‌ಗಳು ಕೂಡ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ರು."

ತಂಗಿಗೆ ಯಾವ ರೆಕಾರ್ಡಿಂಗು ಎಂದು ಈಗ ತಿಳಿಯಿತು. ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ್ದು, ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು, ಸದ್ದು ಕೂಡಿಸುವವನಿಗೆ ಅವಳೇ ಆರಿಸಿ ಕಳಿಸಿದ್ದು. ಅದಕ್ಕೆ 'ಅಕ್ಕನ ಹಾಸಿಗೆ ಪುರಾಣ' ಎಂದು ಹೆಸರಿಟ್ಟವಳೂ ಅವಳೇ. ಅದರಲ್ಲಿ ಅಮ್ಮ ನಗುತ್ತ ಹೇಳುತ್ತಾಳೆ: "ದೊಡ್ಡವಳು ಇವತ್ತೂ ಹಾಸಿಗೆ ಒದ್ದೆ ಮಾಡಿದಾಳೆ ಕಣ್ರೀ. ಹಡಗು ಓಡಿಸೋಕೆ ನೀವು ಅಷ್ಟು ದೂರ ಯಾಕೆ ಹೋದ್ರಿ? ಇಲ್ಲೇ ಓಡಿಸಬಹುದಿತ್ತು. ಬಾರೇ ಇಲ್ಲಿ, ಅಪ್ಪಂಗೆ ನೀನೇ ಹೇಳು." ಆಗ ಸಣ್ಣದೊಂದು ದನಿ, "ಇನ್ಮೇಲೆ ಮಾಡಲ್ಲ ಅಪ್ಪಾ." ಆಮೇಲೆ ಟಪ್ ಎಂದು ಒಂದು ಸದ್ದು. ಮತ್ತೆ ಮೆಷಿನ್ನು.

"ಅಕ್ಕಾ, ಅದು... ತಮಾಷೆ ಅಂತ. ಅಮ್ಮ ಎಷ್ಟು ಚೆನ್ನಾಗಿ ನಗ್ತಾಳೆ ಅದರಲ್ಲಿ. ಬೇರೆ ಯಾವುದರಲ್ಲೂ ಹಾಗೆ ನಗೋದೇ ಇಲ್ಲ. ನಿಂಗೆ ಅಮ್ಮನ ಜೊತೆ ಅಷ್ಟು ವರ್ಷ ಸಿಕ್ತು. ನಂಗೆ ಇರೋದು ಅಷ್ಟೇ."

"ಆ ಟಪ್ ಅಂತ ಬರುತ್ತಲ್ಲ. ಅದೇನು ಅಂತ ಬರೆದಿದೀಯ ಕೆಳಗೆ?"

"ಮೆಷಿನ್ನಿನ ಮುಚ್ಚಳ."

"ಮುಚ್ಚಳ!" ಅಕ್ಕನ ದನಿ ಈಗ ಏರಿತು. ಹೊರಗೆ ಕಾರಿಡಾರಿನಲ್ಲಿ ಹೆಜ್ಜೆಗಳು ನಿಂತವು. ಅವಳು ಲೆಕ್ಕಿಸಲಿಲ್ಲ. "ಅಳತೆ ಕೋಲು ಕಣೇ ಅದು. ಬಟ್ಟೆ ಅಳೆಯೋ ಮರದ ಕೋಲು. ಇಲ್ಲಿಗೆ ಬಿತ್ತು." ಸೀರೆಯ ಮೇಲೇ ತನ್ನ ತೊಡೆಗೆ ಬಡಿದು ತೋರಿಸಿದಳು. "ಅಳಬಾರದು, ಟೇಪಿಗೆ ಬರುತ್ತೆ ಅಂತ ಮೊದಲೇ ಹೇಳಿದ್ಲು. ಅದಕ್ಕೇ ಅಳು ಇಲ್ಲ. ಅದನ್ನ ಜಗತ್ತೆಲ್ಲ ಕೇಳಿ, ಕೆಳಗೆ ಹೂವು, ಹೃದಯ ಹಾಕಿ, ಎಂಥಾ ಮುದ್ದಾದ ಮನೆ ಅಂತ ಬರೀತಾರೆ. ನಾನು ಒಂದೊಂದನ್ನೂ ಓದಿದೀನಿ. ನಿಂಗೆ ಅದು ಅಮ್ಮ. ಅದರಲ್ಲಿ ಇರೋದು ನಾನು ಕಣೇ, ನಾನು!"

ಅಷ್ಟಾದರೂ ತಂಗಿಯ ಸಿಟ್ಟು ಇಳಿಯಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಳಗೇ ಸುತ್ತುತ್ತಿತ್ತು.

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನಿನ್ನ ಅಮ್ಮ ಹೋಗಿಬಿಡ್ತಿದ್ಲು," ಎಂದಳು ಅಕ್ಕ. "ಅದಕ್ಕೇ ನಾನೇ ಹೋಗಿ ಸದ್ದಿಲ್ಲದೆ ಅಳಿಸಿ ಬರೋಣ ಅಂತಿದ್ದೆ. ಗುಮಾಸ್ತೆ ಮಗಳು ಹೇಳಿದ್ಲು, ಜನ ಪಾಸ್‌ವರ್ಡ್ ಇಡೋದು ಮುದ್ದಿನ ಹೆಸರು, ಸಾಕಿದ ಪ್ರಾಣಿ ಇಂಥದ್ದೇ ಅಂತ. ನೆನಪಿದ್ದದ್ದನ್ನೆಲ್ಲ ಹೊಡೆದೆ, ನನ್ನ ಫೋನಲ್ಲಿ ಆಗದಿದ್ದಾಗ ಗುಮಾಸ್ತೆ ಫೋನಲ್ಲಿ. ಕೊನೆಗೆ ಆ ಬಾಗಿಲು ಯಾರು ನೀನು ಅಂತ ನನ್ನನ್ನೇ ಕೇಳ್ತು! ನಿನ್ನ ಬೋಳು ತಲೆಗೆ ಎಣ್ಣೆ ಹಚ್ಚಿದ ನನ್ನನ್ನ! ಯಾರು ನೀನು ಅಂತೆ!"

ಗಂಟೆ ಹೊಡೆಯಿತು. ಶಾಲೆಯಿಡೀ ಬೆಂಚು ಎಳೆದ ಸದ್ದು. ಅಕ್ಕ ಕಣ್ಣು ಒರೆಸಿಕೊಳ್ಳಲಿಲ್ಲ; ಒರೆಸಿಕೊಳ್ಳಲು ಏನೂ ಇರಲಿಲ್ಲ. ಉತ್ತರಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡು, "ನಂಗೆ ಕ್ಲಾಸಿದೆ," ಎಂದು ಹೊರಟುಹೋದಳು.

ಮನೆಗೆ ಬಂದವಳೇ ತಂಗಿ ಆ ಪುಟವನ್ನು ಅಳಿಸಿದಳು. ಆಮೇಲೆ ಫೋಟೋ, ಆಮೇಲೆ ಶಾಲೆಯ ಹೆಸರು. ಸಮಾಧಾನವಾಗದೆ ಇಡೀ ಸೈಟನ್ನೇ ನಿಲ್ಲಿಸಿದಳು. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಗುಂಯ್ ಸದ್ದು ನಿಂತದ್ದಕ್ಕೆ ಗಂಡ ಅಡುಗೆಮನೆಯಿಂದ ಇಣುಕಿದ. ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತೆಂದಳು. ಅವನು ಕೇಳಿದ. "ಮಕ್ಕಳ ಎದುರಿಗೆ ಅಂದಿದ್ದೆ. ಮಕ್ಕಳ ಎದುರಿಗೇ ಬಂದು ಹೇಳು," ಎಂದ. ಅವಳು ಹೋಗಿ ಹೇಳಿದಳು. ಟೋಪಿ ತೊಟ್ಟ ಮಕ್ಕಳು ಚಪ್ಪಾಳೆ ತಟ್ಟಿದರು. ಅವಳಿಗೆ ಅದರಿಂದಲೂ ರೇಗಿತು.

ಆದರೆ ಹೊರಗೆ ಬಿಟ್ಟದ್ದು ಹೊರಗೇ ಉಳಿದಿತ್ತು. ಸದ್ದು ಕೂಡಿಸುವವನ ಮೊದಲ ಪುಟದಲ್ಲಿ ಅಮ್ಮ ಇನ್ನೂ ನಗುತ್ತಿದ್ದಳು, ಕೋಲು ಇನ್ನೂ ಬೀಳುತ್ತಿತ್ತು. ತೆಗೆದುಬಿಡಿ ಎಂದು ಅವನಿಗೆ ವಿನಯದಿಂದ ಬರೆದಳು. ಅವನ ಉತ್ತರ ಮರುದಿನವೇ ಬಂತು. ತುಂಬ ಸಂತೋಷದ ಉತ್ತರ. ನನ್ನ ಸಂಗ್ರಹದಲ್ಲೇ ಅತ್ಯುತ್ತಮವಾದದ್ದು ಇದು, ಒಮ್ಮೆ ಕೊಟ್ಟ ಮೇಲೆ ಇದು ನಿಮ್ಮೊಬ್ಬರದಲ್ಲ, ಮನುಷ್ಯಕುಲದ್ದು, ನಿಮ್ಮ ಅಕ್ಕನವರಿಗೆ ನನ್ನ ನಮಸ್ಕಾರ ಹೇಳಿ, ಎಂದಿದ್ದ. ಕಾರಣ ಹೇಳಿ ಮತ್ತೆ ಬರೆದಳು. ಆ ಸದ್ದು ಏನೆಂದೂ ಬರೆದಳು. ಅವನು ಆ ವಿವರವನ್ನು ಹಾಗೇ ಎತ್ತಿ ರೆಕಾರ್ಡಿಂಗಿನ ಕೆಳಗೆ ಸೇರಿಸಿದ. 'ಕೊನೆಯಲ್ಲಿ ಕೇಳುವುದು ಮಗುವಿಗೆ ಬೀಳುವ ಏಟು.' ಕೇಳುವವರ ಸಂಖ್ಯೆ ಇನ್ನೂ ಹೆಚ್ಚಾಯಿತು.

ಅದನ್ನು ಕಂಡ ದಿನ ಅವಳು ಲ್ಯಾಬಿನಲ್ಲಿ ಒಂದು ಇಡೀ ಸೆಟ್ಟು ಹಲ್ಲು ಹಾಳುಮಾಡಿದಳು.

ಮಧ್ಯಾಹ್ನ ಕಂಪ್ಯೂಟರ್ ತೆರೆದು ಆ ಮನುಷ್ಯನ ಸೈಟಿನ ಸುತ್ತ ಒಂದು ಸುತ್ತು ಬಂದಳು. ಸುಮ್ಮನೆ ಬೇಲಿ ನೋಡುವವಳ ಹಾಗೆ. ಬೇಲಿ ಎಂದರೆ ಬೇಲಿಯೇ ಇರಲಿಲ್ಲ. ವರ್ಷಗಟ್ಟಲೆ ಯಾರೂ ಕೈಯಾಡಿಸದ ಸರ್ವರ್. ಒಂದು ಹಿತ್ತಲ ಬಾಗಿಲಿಗೆ ಅಂಗಡಿಯಿಂದ ತಂದಾಗ ಇದ್ದ ಪಾಸ್‌ವರ್ಡೇ ಇನ್ನೂ ಇರುವಂತಿತ್ತು. ಇಂಥದ್ದನ್ನು ಅವಳ ಬೋನಿನ ಇಲಿಗಳು ಕೂಡ ಹಲ್ಲಿಡದೆ ತೆರೆಯುತ್ತಿದ್ದವು.

ಪುಡಿಯಣ್ಣ ಬಗ್ಗಿ ನೋಡಿದ. "ಬೇಡಮ್ಮ."

"ಯಾಕೆ ಬೇಡ?"

"ನಿನ್ನ ಮನೆಗೆ ನುಗ್ಗಿದಾಗ ಹೇಗೆ ಕುಣಿದೆ, ನಾನೇ ನೋಡಿದೀನಿ. ಈಗ ನೀನೇ ಇಲಿ ಆಗ್ತೀಯಾ?"

"ಹೌದು, ಆಗ್ತೀನಿ," ಎಂದಳು. "ವಿನಯದಿಂದ ಕೇಳಿದ್ದಾಯ್ತು. ಅತ್ತಿದ್ದಾಯ್ತು. ನನ್ನ ಅಕ್ಕ ಹನ್ನೊಂದು ವರ್ಷದ ಮಗು ಅಲ್ಲಿ, ಇವತ್ತೂ ಏಟು ತಿಂತಾ ಇದಾಳೆ. ಹೇಗೆ ಸುಮ್ನಿರಲಿ?"

ಒಳಗೆ ಹೋದಳು. ಅಲ್ಲಿ ಎಲ್ಲವೂ ಬಾಯಿ ತೆರೆದು ಬಿದ್ದಿತ್ತು: ಅವನ ಪತ್ರಗಳು, ಅವನಿಗೆ ಬಂದ ಪತ್ರಗಳು, ಇತರರ ಮನೆಗಳ ನೂರಾರು ಸದ್ದುಗಳು. ಯಾವುದನ್ನೂ ತೆರೆದು ನೋಡಲಿಲ್ಲ. ಒಂದೇ ಒಂದು ಫೈಲನ್ನು, ಅದರ ಪ್ರತಿಯನ್ನು ಹುಡುಕಿ ಅಳಿಸಿ ಹೊರಗೆ ಬಂದಳು. ಆಮೇಲೆ ತಾನು ಏನು ಮಾಡಿದೆ, ಯಾವ ಬಾಗಿಲಿಂದ ಬಂದೆ, ಅದನ್ನು ಹೇಗೆ ಮುಚ್ಚಬೇಕು ಎಂದು ತನ್ನ ಹೆಸರು ಹಾಕಿಯೇ ಅವನಿಗೆ ಬರೆದಳು.

ಈ ಸಲ ಅವನ ಉತ್ತರದಲ್ಲಿ ಸಂತೋಷವಿರಲಿಲ್ಲ. ಕಳ್ಳಿ, ಹುಚ್ಚಿ, ನಿನ್ನ ಮೇಲೆ ದೂರು ಕೊಡುತ್ತೇನೆ. ಅವಳು ಅದನ್ನು ಕೊನೆಯವರೆಗೆ ಓದಿದಳು. ಅವನ ಜಾಗದಲ್ಲಿ ತಾನಿದ್ದರೂ ಇದನ್ನೇ ಬರೆಯುತ್ತಿದ್ದೆ ಎನಿಸಿತು. ಆದರೂ ಮೈ ಉರಿಯಿತು. ಬಾಗಿಲ ಗಂಟೆ ಹೊಡೆದಾಗಲೆಲ್ಲ ಪೊಲೀಸರೇ ಎಂದು ಕೆಲವು ವಾರ ಬೆಚ್ಚಿದಳು. ಯಾರೂ ಬರಲಿಲ್ಲ. ಅವನ ಸೈಟು ಸ್ವಲ್ಪ ಕಾಲ ಮುಚ್ಚಿದ್ದು ಮತ್ತೆ ತೆರೆದುಕೊಂಡಿತು, ಅಕ್ಕನ ದನಿಯಿಲ್ಲದೆ. ಹಿತ್ತಲ ಬಾಗಿಲಿಗೆ ಬೀಗ ಬಿದ್ದಿತ್ತು.

ಅಕ್ಕನಿಗೆ ಫೋನ್ ಮಾಡಿ ಹೇಳಿದಳು.

"ಹೋಯ್ತಾ?"

"ಹೋಯ್ತು."

"ಅವನು ಒಪ್ಕೊಂಡ್ನಾ?"

"ಇಲ್ಲ. ನಾನೇ ಒಳಗೆ ಹೋಗಿ ತೆಗೆದೆ."

"ತಪ್ಪು," ಎಂದಳು ಹೆಡ್‌ಮಿಸ್ಟ್ರೆಸ್. "ಮಕ್ಕಳ ಫೋನಲ್ಲಿ ಇನ್ನೂ ಇದೆ. ಅದು ಹೋಗಲ್ಲ," ಎಂದಳು. ಆಮೇಲೆ, "ಭಾನುವಾರ ಬಾ. ಆ ಕ್ಯಾಸೆಟ್ಟು ತಗೊಂಡು ಬಾ. ಟೇಪ್ ರೆಕಾರ್ಡರೂ ತಾ."

"ಯಾವ ಕ್ಯಾಸೆಟ್ಟು?"

"ಅದೇ."

ಭಾನುವಾರ ಬೆಳಿಗ್ಗೆ ಹೋದಳು. ಭಾವ ಬಾಗಿಲು ತೆಗೆದು, ಇಬ್ಬರ ಮುಖವನ್ನೂ ನೋಡಿ, ಪೇಪರ್ ಎತ್ತಿಕೊಂಡು ಮಹಡಿಗೆ ಹೋಗಿಬಿಟ್ಟ. ಅಕ್ಕ ಊಟದ ಮೇಜಿನ ಮೇಲೆ ಜಾಗ ಮಾಡಿದಳು. ತಂಗಿಗೆ ಕುಡಿಯಲು ಏನು ಬೇಕೆಂದೂ ಕೇಳಲಿಲ್ಲ.

"ಹಾಕು."

ಮೆಷಿನ್ನಿನ ಸದ್ದು ಶುರುವಾಯಿತು. ಅಮ್ಮ ಕೆಮ್ಮಿದಳು, ಗಂಡನ ಊಟ ವಿಚಾರಿಸಿದಳು, ಚಿಕ್ಕವಳು ತೆವಳಲು ಕಲಿತದ್ದನ್ನು ಹೇಳಿದಳು. ಅಕ್ಕ ಮೇಜಿನ ಅಂಚನ್ನು ಹಿಡಿದು ಕೂತಿದ್ದಳು. ನಗು ಬಂತು. "ದೊಡ್ಡವಳು ಇವತ್ತೂ ಹಾಸಿಗೆ..." ತಂಗಿ ನಿಲ್ಲಿಸಲು ಕೈ ಚಾಚಿದಳು. ಅಕ್ಕ ಆ ಕೈಯನ್ನು ಬಡಿದು ಪಕ್ಕಕ್ಕೆ ಸರಿಸಿದಳು.

"ಇನ್ಮೇಲೆ ಮಾಡಲ್ಲ ಅಪ್ಪಾ," ಎಂದಿತು ಸಣ್ಣ ದನಿ. ಟಪ್ ಎಂದಿತು.

"ಸಾಕು ಮಾಡಮ್ಮಾ!"

ಅಕ್ಕ ಎದ್ದು ನಿಂತಿದ್ದಳು. ಕುರ್ಚಿ ಹಿಂದಕ್ಕೆ ಬಿದ್ದಿತ್ತು. "ಸಾಕು ಮಾಡು! ಮಗು ಕಣೇ ಅದು, ಭಯಕ್ಕೆ ಒದ್ದೆ ಮಾಡ್ತಿತ್ತು. ನಿನ್ನ ಕೋಲಿನ ಭಯಕ್ಕೇ ಮಾಡ್ತಿತ್ತು! ಅದನ್ನ ಹೇಳಿಕೊಂಡು ನಗ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಅಪ್ಪಂಗೇನು ಗೊತ್ತಾಗುತ್ತೆ ಹಡಗಲ್ಲಿ ಕೂತು? ನನ್ನನ್ನ ಕೇಳಬೇಕಿತ್ತು ನೀನು, ಯಾಕೆ ಮಗಾ ಅಂತ ಒಂದು ಸಲ, ಒಂದೇ ಒಂದು ಸಲ ಕೇಳಬೇಕಿತ್ತು!"

ತಂಗಿ ಅಕ್ಕನನ್ನು ಎಂದೂ ಹಾಗೆ ಕಂಡಿರಲಿಲ್ಲ. ಕೊರಳ ನರ ಉಬ್ಬಿತ್ತು, ಜಡೆ ಬಿಚ್ಚಿತ್ತು, ಬೆರಳು ಟೇಪ್ ರೆಕಾರ್ಡರಿನ ಮುಖಕ್ಕೆ ನೆಟ್ಟಿತ್ತು. ಎದ್ದು ಹೋಗಿ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅಕ್ಕನ ಪಕ್ಕದಲ್ಲಿ ನಿಂತಳು. ಅಮ್ಮ ಹೊಲಿಯುತ್ತಲೇ ಇದ್ದಳು, ಬಂದರಿನ ಹೆಸರು ಕೇಳುತ್ತಿದ್ದಳು. ಅಕ್ಕ ಬೈಯುತ್ತಲೇ ಇದ್ದಳು. ಕ್ಯಾಸೆಟ್ಟಿನ ಆ ಬದಿ ಮುಗಿದು ಗುಂಡಿ ತಾನಾಗಿ ಮೇಲೆದ್ದಾಗಲೂ ಅವಳ ಮಾತು ಮುಗಿದಿರಲಿಲ್ಲ.

"ತಿರುಗಿಸಿ ಹಾಕು," ಎಂದಳು ತಂಗಿಗೆ, ಏದುಸಿರು ಬಿಡುತ್ತ. "ಇನ್ನೂ ಇದೆ ನಂಗೆ ಹೇಳೋದು."